ಸಹಕಾರ ಸಂಘದ ಸದಸ್ಯರ ಸಭೆ: ಗುಜರಾತ್ ಕಾನೂನು ಏನು ಹೇಳುತ್ತದೆ?

ಅಹಮದಾಬಾದ್, ವಡೋದರಾ, ಸೂರತ್‌ನ ಸಹಕಾರಿ ಹೌಸಿಂಗ್ ಸೊಸೈಟಿಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರೂ ಇದ್ದಾರೆ. ಸೊಸೈಟಿಯ ಸದಸ್ಯರಾದವರ ಪಾತ್ರ ನಿರ್ವಹಣಾ ಶುಲ್ಕ ಕಟ್ಟುವುದಕ್ಕೆ ಮುಗಿಯುವುದಿಲ್ಲ. ಆ ಹಣ ಎಲ್ಲಿ ಹೋಯಿತು ಎಂದು ಕೇಳುವ ಹಕ್ಕೂ ಅವರಿಗಿದೆ. ಕೇಳುವ ಜಾಗವೇ ಸಾಮಾನ್ಯ ಸಭೆ.

ಗುಜರಾತಿಗೆ ಸಹಕಾರ ಹೊಸದಲ್ಲ. 1889ರಲ್ಲೇ ವಡೋದರಾದಲ್ಲಿ 'ಅನ್ಯೋನ್ಯ ಸಹಕಾರಿ ಮಂಡಳಿ' ಆರಂಭವಾಗಿತ್ತು. ಈಗ ರಾಜ್ಯದ ಸಂಘಗಳು 1961ರ ಗುಜರಾತ್ ಸಹಕಾರ ಸಂಘಗಳ ಕಾಯ್ದೆಯಡಿ ನಡೆಯುತ್ತವೆ.

ವಾರ್ಷಿಕ ಸಭೆ: ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ವಾರ್ಷಿಕ ಸಾಮಾನ್ಯ ಸಭೆ ಕಡ್ಡಾಯ. ಆಡಳಿತ ಸಮಿತಿ ಆಸ್ತಿ-ಹೊಣೆ ಪಟ್ಟಿ, ಲಾಭ-ನಷ್ಟದ ಲೆಕ್ಕ ಹಾಗೂ ವರದಿಯನ್ನು ಸದಸ್ಯರ ಮುಂದಿಡಬೇಕು.

ವಿಶೇಷ ಸಭೆ: ವರ್ಷದ ನಡುವೆ ತುರ್ತು ವಿಷಯ ಬಂದರೆ 78ನೇ ಸೆಕ್ಷನ್ ನೆರವಿಗೆ ಬರುತ್ತದೆ. ಐದನೇ ಒಂದು ಭಾಗದಷ್ಟು ಸದಸ್ಯರು ಲಿಖಿತವಾಗಿ ಕೇಳಿದರೆ ಒಂದು ತಿಂಗಳೊಳಗೆ ವಿಶೇಷ ಸಭೆ ಕರೆಯಬೇಕು. ಅಂದರೆ 100 ಸದಸ್ಯರಿದ್ದರೆ 20 ಸಹಿ ಸಾಕು. ಸಮಿತಿ ಕರೆಯದಿದ್ದರೆ ರಿಜಿಸ್ಟ್ರಾರ್ ಸಭೆ ಕರೆಯಬಹುದು.

ಮತ: ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಅದನ್ನು ಖುದ್ದಾಗಿಯೇ ಚಲಾಯಿಸಬೇಕು. ಕೋರಂ ಎಷ್ಟು, ನೋಟಿಸ್ ಎಷ್ಟು ದಿನ ಮೊದಲು ಕೊಡಬೇಕು ಎಂಬುದಕ್ಕೆ ಸಂಘದ ಬೈಲಾ ನೋಡಬೇಕು.

ಗಡುವಿನ ಗೊಂದಲ: ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ ಸಭೆ ನಡೆಸಬೇಕೆಂದು 2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೇ ತಿದ್ದುಪಡಿ ಹೇಳಿತ್ತು. ರಾಜ್ಯಗಳ ವಿಧಾನಸಭೆಗಳ ಅನುಮೋದನೆ ಪಡೆದಿಲ್ಲ ಎಂಬ ಕಾರಣಕ್ಕೆ ಗುಜರಾತ್ ಹೈಕೋರ್ಟ್ 2013ರಲ್ಲಿ ಸಹಕಾರ ಸಂಘಗಳ ಕುರಿತ ಆ ಭಾಗವನ್ನು ರದ್ದುಪಡಿಸಿತು. ಸುಪ್ರೀಂ ಕೋರ್ಟ್ 2021ರ ಜುಲೈ 20ರಂದು ಆ ತೀರ್ಪನ್ನು ಎತ್ತಿಹಿಡಿದರೂ, ಬಹುರಾಜ್ಯ ಸಂಘಗಳ ಮಟ್ಟಿಗೆ ಆ ಭಾಗವನ್ನು ಉಳಿಸಿತು. ಹೀಗಾಗಿ ಒಂದೇ ರಾಜ್ಯದೊಳಗಿನ ಸಂಘಕ್ಕೆ ಗಡುವು ಹಾಕುವುದು ಆಯಾ ರಾಜ್ಯದ ಕಾಯ್ದೆ. ಕರ್ನಾಟಕದಲ್ಲಿ 1959ರ ಸಹಕಾರ ಸಂಘಗಳ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿನ ನಿಯಮವನ್ನು ಗುಜರಾತಿನ ಸೊಸೈಟಿಯಲ್ಲಿ ಮುಂದಿಟ್ಟು ವಾದಿಸುವಂತಿಲ್ಲ.

ಸದಸ್ಯರು ಏನು ಮಾಡಬೇಕು? ಬೈಲಾ ಪ್ರತಿ ಪಡೆದುಕೊಳ್ಳಿ. ನೋಟಿಸ್ ಮತ್ತು ಕಾರ್ಯಸೂಚಿ ಕಾಪಾಡಿ. ಪ್ರಶ್ನೆಗಳನ್ನು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಆಕ್ಷೇಪವಿದ್ದರೆ ನಡಾವಳಿಯಲ್ಲಿ ದಾಖಲಿಸುವಂತೆ ಅಲ್ಲೇ ಕೇಳಿ. ಬಾಯಿಮಾತಿನ ದೂರಿಗಿಂತ ರಿಜಿಸ್ಟ್ರಾರ್ ಮುಂದೆ ಈ ಕಾಗದಗಳಿಗೇ ಹೆಚ್ಚು ಬೆಲೆ.