ಬಗ್ ಕಡಿಮೆ ಸಿಕ್ಕರೆ ಸಾಫ್ಟ್‌ವೇರ್ ಚೆನ್ನಾಗಿದೆ ಎಂದರ್ಥವೇ?

ರೋಣ ತಾಲ್ಲೂಕಿನ ಸವಡಿಯ ರೈತರು ಬೆಳೆ ಸಾಲ ಪಡೆಯಲು ಪಹಣಿ ಬೇಕು. ಅದನ್ನು ಮುದ್ರಿಸಿ ಕೊಡುವುದು ‘ಭೂಮಿ’ ಸಾಫ್ಟ್‌ವೇರ್. ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ರೂಪಿಸಿದ ಈ ವ್ಯವಸ್ಥೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಹೆಸರೋ ಸರ್ವೆ ನಂಬರೋ ತಪ್ಪಾದರೆ ಸಾಲದ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹಾಗಾದರೆ ಇಂಥ ಸಾಫ್ಟ್‌ವೇರಿನ ಗುಣಮಟ್ಟವನ್ನು ಅಳೆಯುವುದು ಹೇಗೆ?

ಪರೀಕ್ಷೆಯಲ್ಲಿ ಬಗ್ ಕಡಿಮೆ ಸಿಕ್ಕಿತೆಂದರೆ ಸಾಫ್ಟ್‌ವೇರ್ ಒಳ್ಳೆಯದು ಎಂಬ ನಂಬಿಕೆ ಸಾಮಾನ್ಯ. ಇದು ಅರ್ಧ ಸತ್ಯ. ಸರಿಯಾಗಿ ಹುಡುಕದಿದ್ದರೂ ಬಗ್ ಕಡಿಮೆಯೇ ಸಿಗುತ್ತದೆ.

ಒಂದು ಉದಾಹರಣೆ ನೋಡೋಣ. ಒಂದು ತಂಡ ಬಿಡುಗಡೆಗೆ ಮುನ್ನ 40 ದೋಷ ಹಿಡಿಯಿತು. ಆಮೇಲೆ ಬಳಕೆದಾರರಿಗೆ 10 ಸಿಕ್ಕವು. ಅಷ್ಟೇ ದೊಡ್ಡ ಪ್ರೋಗ್ರಾಂ ಬರೆದ ಇನ್ನೊಂದು ತಂಡ 95 ಹಿಡಿಯಿತು. ಬಳಕೆದಾರರಿಗೆ ಸಿಕ್ಕಿದ್ದು 5. ಮೊದಲ ತಂಡ 50ರಲ್ಲಿ 40, ಅಂದರೆ ಶೇ 80ರಷ್ಟು ದೋಷ ತಡೆದಿದೆ. ಎರಡನೆಯದು ಶೇ 95. ಹೆಚ್ಚು ಬಗ್ ಕಂಡ ತಂಡದ ಪರೀಕ್ಷೆಯೇ ಗಟ್ಟಿ. ಆದರೆ ಅದರ ಕೋಡ್‌ನಲ್ಲಿ ತಪ್ಪು ನುಸುಳುವುದೂ ಹೆಚ್ಚು. ಎರಡೂ ಸಂಗತಿ ತಿಳಿಯಲು ಎರಡು ಅಳತೆ ಬೇಕು.

ಸಿದ್ಧವಾದ ಉತ್ಪನ್ನವನ್ನಷ್ಟೇ ಅಳೆದರೆ ತಡವಾಗುತ್ತದೆ. ಆದ್ದರಿಂದ ಕೆಲಸದ ವಿಧಾನವನ್ನೂ ಅಳೆಯುತ್ತಾರೆ: ದೋಷ ಯಾವ ಹಂತದಲ್ಲಿ ಹುಟ್ಟಿತು, ಯಾವ ಹಂತದಲ್ಲಿ ಸಿಕ್ಕಿತು, ಸರಿಪಡಿಸಲು ಎಷ್ಟು ದಿನ ಹಿಡಿಯಿತು? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ‘ಸಿಎಂಎಂ’ ಮಾದರಿಯ ಐದು ಮಟ್ಟಗಳಲ್ಲಿ, ನಾಲ್ಕನೆಯದರಲ್ಲಿ ಕೆಲಸವನ್ನು ಅಂಕಿಗಳ ಮೂಲಕ ಹಿಡಿತದಲ್ಲಿಡಬೇಕು. ಐದನೆಯದರಲ್ಲಿ ಆ ಅಂಕಿಗಳ ಆಧಾರದಲ್ಲಿ ದೋಷದ ಕಾರಣವನ್ನೇ ತೆಗೆಯಬೇಕು. ಐದನೇ ಮಟ್ಟವನ್ನು ಜಗತ್ತಿನಲ್ಲಿ ಮೊದಮೊದಲು ತಲುಪಿದ ಕೆಲವೇ ಘಟಕಗಳಲ್ಲಿ 1990ರ ದಶಕದ ಮೊದಲಾರ್ಧದಲ್ಲಿದ್ದ ಬೆಂಗಳೂರಿನ ಮೊಟೊರೊಲಾ ಘಟಕವೂ ಒಂದು.

ಅಳತೆಯೇ ಗುರಿಯಾದರೆ ಅಪಾಯ. ಬಗ್ ಹಿಡಿದಷ್ಟೂ ಬಹುಮಾನ ಎಂದರೆ ಒಂದು ದೋಷ ಮೂರಾಗಿ ದಾಖಲಾಗುತ್ತದೆ. ಬಗ್ ಬಂದರೆ ದಂಡ ಎಂದರೆ ದಾಖಲಾಗುವುದೇ ಇಲ್ಲ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ನೀಡಿದ ಇಂಥದೇ ಎಚ್ಚರಿಕೆ ಇಂದು ಅವರ ಹೆಸರಿನ ನಿಯಮವಾಗಿದೆ. ಅದಕ್ಕಾಗಿ ಮೊದಲು ಗುರಿ, ಆಮೇಲೆ ಪ್ರಶ್ನೆ, ಕೊನೆಗೆ ಅಂಕಿ ಎಂಬ ಕ್ರಮವನ್ನು ಸಾಫ್ಟ್‌ವೇರ್ ವಿಜ್ಞಾನಿ ವಿಕ್ಟರ್ ಬೆಸಿಲಿ ಮತ್ತು ಸಂಗಡಿಗರು ರೂಪಿಸಿದರು.

ಪಹಣಿಗೆ ಇದನ್ನು ಅನ್ವಯಿಸೋಣ. ಗುರಿ: ರೈತನಿಗೆ ಸರಿಯಾದ ದಾಖಲೆ, ಸಕಾಲಕ್ಕೆ. ಪ್ರಶ್ನೆ: ತಪ್ಪು ಪ್ರೋಗ್ರಾಮಿನದೋ, ಕೈಬರಹದ ಹಳೇ ದಾಖಲೆಯಿಂದ ಏರಿಸಿದ ಮಾಹಿತಿಯದೋ? ಪ್ರೋಗ್ರಾಂನಲ್ಲಿ ಒಂದೂ ಬಗ್ ಇಲ್ಲದಿದ್ದರೂ ತಪ್ಪು ಹೆಸರು ಅಚ್ಚುಕಟ್ಟಾಗಿ ಮುದ್ರಣವಾಗಬಹುದು. ಹಾಗಾಗಿ ಇವೆರಡನ್ನೂ ಬೇರೆಬೇರೆ ಎಣಿಸಬೇಕು. ವೇಗ ಅಳೆಯುವುದು ಇದಕ್ಕಿಂತ ಸುಲಭ: ಹಕ್ಕು ಬದಲಾವಣೆಯ ಅರ್ಜಿಗಳು ಭೂಮಿಯಲ್ಲಿ ಬಂದ ಸರದಿಯಂತೆ ನಮೂದಾಗುವುದರಿಂದ ಯಾವ ಅರ್ಜಿ ಎಷ್ಟು ದಿನದಿಂದ ಕೂತಿದೆ ಎಂದು ಲೆಕ್ಕ ಹಾಕಬಹುದು.

ಇಷ್ಟೆಲ್ಲಾ ಲೆಕ್ಕಕ್ಕೂ ಮೂಲ ಬೇಕಾದದ್ದು ದೂರು. ಪಹಣಿಯಲ್ಲಿ ತಪ್ಪು ಕಂಡರೆ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬರುವುದಕ್ಕಿಂತ ತಿದ್ದುಪಡಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ದಾಖಲಾಗದ ತಪ್ಪು ಯಾವ ಅಳತೆಗೂ ಸಿಗುವುದಿಲ್ಲ. ಕಾಗದದ ಮೇಲೆ ಗುಣಮಟ್ಟ ಮಾತ್ರ ಚೆನ್ನಾಗಿಯೇ ಕಾಣುತ್ತದೆ.