ಬಾರ್ಶಿಯಲ್ಲಿ ನಡೆದ ಒಂದು ಶೋಧನೆ

ಗೋಗಿಯೆಂದರೆ ಚರಿತ್ರೆ ಬಲ್ಲವರಿಗೆ ಯೂಸುಫ್ ಆದಿಲ್‌ಶಹನ ಗೋರಿಯೂ ಚಂದಾ ಹುಸೇನಿಯವರ ದರ್ಗಾವೂ ನೆನಪಿಗೆ ಬರುತ್ತವೆ. ಈಚಿನವರಿಗೆ ನೆನಪಾಗುವುದು ನೆಲದಡಿಯ ಯುರೇನಿಯಂ. ಅದನ್ನು ಅಗೆಯುವ ಮಾತೆದ್ದಾಗ ಊರವರು ಕ್ಯಾನ್ಸರಿಗೆ ಹೆದರಿ ವಿರೋಧಿಸಿದರು. ಆದರೆ 1898ರಲ್ಲಿ ಕ್ಯೂರಿ ದಂಪತಿಗಳಿಗೆ ರೇಡಿಯಂ ದೊರೆತದ್ದು ಯುರೇನಿಯಂ ಅದಿರಿನಲ್ಲೇ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಬಹುಕಾಲ ಮುಖ್ಯ ಚಿಕಿತ್ಸೆಯಾಗಿದ್ದುದೂ ಆ ರೇಡಿಯಂ. ಗಣಿಯ ಭಯವನ್ನು ಗಟ್ಟಿಯಾಗಿ ಆಡುವ ನಮ್ಮ ಹೆಣ್ಣುಮಕ್ಕಳು ಈ ರೋಗದ ಮಾತು ಬಂದರೆ ಮಾತ್ರ ಸೆರಗನ್ನು ಬಾಯಿಗೆ ಹಿಡಿಯುತ್ತಾರೆ.

ಸುಶ್ರುತನು ಇಂಥ ಗಂತಿಗೆ ಅರ್ಬುದವೆಂದು ಹೆಸರಿಟ್ಟ. ಗ್ರೀಕರು ಏಡಿಯನ್ನು ಕಂಡರು. ಅದರಿಂದಲೇ ಕನ್ನಡದಲ್ಲಿ ಏಡಿಗಂತಿ ಎಂಬ ಮಾತು ಹುಟ್ಟಿತು. ಅರ್ಬುದವೆಂಬುದು ಸಂಖ್ಯೆಯೊಂದರ ಹೆಸರೂ ಹೌದು. ನಾನು ಹೇಳಹೊರಟ ಕಥೆ ಲೆಕ್ಕದ ಕಥೆಯೇ ಆದ್ದರಿಂದ ಪಂಡಿತನಾದ ನನಗೆ ಆ ಹೆಸರಿನ ಮೇಲೆ ತುಸು ಮೋಹ.

1842ರಲ್ಲಿ ಇಟಲಿಯ ರಿಗೋನಿ ಸ್ಟೆರ್ನ್ ಎಂಬ ವೈದ್ಯನು ವೆರೋನಾ ನಗರದ ಮರಣದ ದಾಖಲೆಗಳನ್ನು ಓದುತ್ತಾ, ಸಂನ್ಯಾಸಿನಿಯರಲ್ಲಿ ಗರ್ಭಕೋಶದ ಕ್ಯಾನ್ಸರು ವಿರಳವೆಂಬುದನ್ನು ಗಮನಿಸಿದನು. ಕಾರಣ ತಿಳಿಯಲು ನೂರನಲವತ್ತು ವರ್ಷ ಬೇಕಾಯಿತು. ಜರ್ಮನಿಯ ಹರಾಲ್ಡ್ ಟ್ಸುರ್ ಹೌಸೆನ್ 1983ರಲ್ಲಿ ಪ್ಯಾಪಿಲೋಮಾ ವೈರಾಣುವಿನ ಒಂದು ಬಗೆಯನ್ನು ಈ ಗಂತಿಗಳಲ್ಲಿ ಕಂಡುಹಿಡಿದರು; 2008ರಲ್ಲಿ ಅವರಿಗೆ ನೊಬೆಲ್ ಬಂತು. ಸಂಸಾರಸ್ಥರಲ್ಲಿ ಇದು ಬಹು ಸಾಮಾನ್ಯವಾದ ಸೋಂಕು. ಬಹುಮಂದಿಯಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದ ಕೆಲವರಲ್ಲಿ ಅದು ಕ್ಯಾನ್ಸರಾಗಲು ಹತ್ತಾರು ವರ್ಷ ಹಿಡಿಯುತ್ತದೆ. ನಾಚಿಕೆಪಡಲು ಇದರಲ್ಲಿ ಏನೂ ಇಲ್ಲ. ಆ ಹತ್ತಾರು ವರ್ಷಗಳೇ ವೈದ್ಯರಿಗೆ ಸಿಗುವ ಅವಕಾಶ.

ಆ ಅವಕಾಶವನ್ನು ಹಳ್ಳಿಯಲ್ಲಿ ಬಳಸುವುದು ಹೇಗೆ? ಅಮೆರಿಕೆಯಲ್ಲಿ ಪಾಪನಿಕೊಲಾವ್ ರೂಪಿಸಿದ, ಕೊರಳಿನ ಜೀವಕೋಶಗಳನ್ನು ಗಾಜಿನ ಮೇಲೆ ಬಳಿದು ನೋಡುವ ಪರೀಕ್ಷೆಗೆ ನುರಿತ ಕಣ್ಣು ಬೇಕು. ಇನ್ನೊಂದು ಉಪಾಯ ಅಗ್ಗದ್ದು: ನೀರು ಬೆರೆಸಿದ ಅಸಿಟಿಕ್ ಆಮ್ಲವನ್ನು, ಅಂದರೆ ವಿನೆಗರಿನ ಹುಳಿಯನ್ನು, ಕೊರಳಿಗೆ ಹಚ್ಚಿದರೆ ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಮೂರನೆಯದು ವೈರಾಣುವನ್ನೇ ಹುಡುಕುವುದು. ಯಾವುದು ಹೆಚ್ಚು ಜೀವ ಉಳಿಸುತ್ತದೆ? ಇದಕ್ಕೆ ಉತ್ತರ ದೊರೆತದ್ದು ನಮ್ಮ ಪಕ್ಕದಲ್ಲೇ.

ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆಯಿದೆ. 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಅಲ್ಲಿ ಆರಂಭವಾಯಿತು. ಅದುವರೆಗೆ ಹಳ್ಳಿಯಲ್ಲಿ ಎಷ್ಟು ಹೆಂಗಸರು ಈ ರೋಗದಿಂದ ಸತ್ತರೆಂದು ಬರೆದಿಟ್ಟವರೇ ಇರಲಿಲ್ಲ. ಊರೂರು ಸುತ್ತಿ ಬರೆದಾಗ, ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಇದೇ ಕ್ಯಾನ್ಸರು. ಆ ಆಸ್ಪತ್ರೆಯ ಡಾ. ನೆನೆ, ಅಂಕಿಅಂಶಗಳನ್ನು ಹಿಡಿದು ಕುಳಿತ ಕಸ್ತೂರಿ ಜಯಂತ್, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಡಾ. ಶಾಸ್ತ್ರಿ, ತಿರುವನಂತಪುರದಲ್ಲಿ ದುಡಿದು ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಹೋದ ಡಾ. ಶಂಕರನಾರಾಯಣನ್ ಇವರೆಲ್ಲ ಕೂಡಿ 1999ರಲ್ಲಿ ಉಸ್ಮಾನಾಬಾದ್ ಜಿಲ್ಲೆಯಲ್ಲಿ ದೊಡ್ಡ ಪರೀಕ್ಷೆಗೆ ಕೈಹಾಕಿದರು. ಇಂದು ಧಾರಾಶಿವವೆನಿಸಿರುವ ಈ ಜಿಲ್ಲೆ ನಿಜಾಮರ ಕಾಲದಲ್ಲಿ ನಮ್ಮೊಡನೆ ಗುಲ್ಬರ್ಗಾ ಸುಭಾಕ್ಕೆ ಸೇರಿತ್ತು. ಮಾತು ಬೇರೆಯಾದರೂ ಜೋಳದ ರೊಟ್ಟಿ, ಕರಿನೆಲ, ಬರಗಾಲ ಒಂದೇ.

30ರಿಂದ 59 ವಯಸ್ಸಿನ 1,31,746 ಆರೋಗ್ಯವಂತ ಹೆಂಗಸರು, 52 ಗ್ರಾಮಗುಂಪುಗಳು, ನಾಲ್ಕು ಪಾಲು. ಮೂರು ಪಾಲಿಗೆ ಒಂದೊಂದು ಬಗೆಯ ಪರೀಕ್ಷೆ, ಅದೂ ಒಮ್ಮೆ ಮಾತ್ರ. ನಾಲ್ಕನೆಯ ಪಾಲಿಗೆ ತಿಳಿವಳಿಕೆಯ ಮಾತು ಮತ್ತು ಎಂದಿನ ಚಿಕಿತ್ಸೆ. ಪರೀಕ್ಷೆ ಮಾಡಿದವರು ತರಬೇತಿ ಪಡೆದ ದಾದಿಯರು. ಎಂಟು ವರ್ಷ ಕಾದು ಎಣಿಸಿದರು. ಪರೀಕ್ಷೆಯಿಲ್ಲದ 31,488 ಮಂದಿಯಲ್ಲಿ 64 ಹೆಂಗಸರು ಈ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ವೈರಾಣು ಪರೀಕ್ಷೆಗೆ ಹಂಚಿದ 34,126 ಮಂದಿಯಲ್ಲಿ 34. ಜೀವಮಾನದಲ್ಲಿ ಒಮ್ಮೆ ಮಾಡಿದ ಪರೀಕ್ಷೆಯಿಂದ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಉಳಿದೆರಡು ಬಗೆಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. 2009ರ ಏಪ್ರಿಲಿನಲ್ಲಿ ಅಮೆರಿಕೆಯ ಹೆಸರಾಂತ ವೈದ್ಯಪತ್ರಿಕೆಯೊಂದು ಇದನ್ನು ಪ್ರಕಟಿಸಿತು.

ಆಮೇಲೆ ಆಕ್ಷೇಪವೂ ಎದ್ದಿತು. ಪರೀಕ್ಷೆಯಿಂದ ಉಪಯೋಗವುಂಟೆಂದು ಬೇರೆ ದೇಶಗಳಲ್ಲಿ ತಿಳಿದಿದ್ದಾಗ, ಒಂದು ಪಾಲಿನ ಹೆಂಗಸರನ್ನು ಪರೀಕ್ಷಿಸದೆ ಬಿಟ್ಟದ್ದು ನ್ಯಾಯವೇ ಎಂದು ಕೆಲವು ವೈದ್ಯರು ಕೇಳಿದರು. ಆ ಹಳ್ಳಿಗಳಲ್ಲಿ ಅದುವರೆಗೆ ಯಾರಿಗೂ ಇಂಥ ಪರೀಕ್ಷೆಯ ಏರ್ಪಾಡು ಇರಲಿಲ್ಲ, ಹೋಲಿಕೆಯಿಲ್ಲದೆ ಸತ್ಯ ತಿಳಿಯದು ಎಂಬುದು ಸಂಶೋಧಕರ ಉತ್ತರ. ಎರಡು ಕಡೆಗೂ ತೂಕವಿದೆ. ನನಗಂತೂ ಲೆಕ್ಕದ ಫಲ ದೊಡ್ಡದೆನಿಸಿದರೂ ಆ 64ನ್ನು ಬರಿಯ ಅಂಕಿಯಾಗಿ ಓದಲು ಆಗುವುದಿಲ್ಲ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವೈರಾಣು ಪರೀಕ್ಷೆಯನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿತು. ನಮ್ಮ ಸರಕಾರದ 2016ರ ಮಾರ್ಗಸೂಚಿ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಹುಳಿಯ ಪರೀಕ್ಷೆಯನ್ನು ಗೊತ್ತುಮಾಡಿದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ನಾರುವ ಬಿಳಿಸೆರಗು ಹೋಗುತ್ತಿದ್ದರೆ ಆ ಐದು ವರ್ಷವನ್ನೂ ಕಾಯಬಾರದು. ಕಲಬುರ್ಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯುಂಟು.