ಗರಗದ ಖಾದಿ, ಬೆಂಗೇರಿಯ ಬಾವುಟ

ಧಾರವಾಡ ತಾಲ್ಲೂಕಿನ ಗರಗದಲ್ಲಿ 1954ರಲ್ಲಿ ಕ್ಷೇತ್ರೀಯ ಸೇವಾ ಸಂಘ ಹುಟ್ಟಿತು. ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ಬಟ್ಟೆಗೆ ಆ ಹಳ್ಳಿ ಹೆಸರಾಯಿತು. 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಮುಂದೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ತಯಾರಿಕೆ ಕೈಗೊಂಡು, ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆಯಿತು.

ಕೆಲಸ ಎರಡು ಭಾಗ. ನೂಲುವುದು, ನೇಯುವುದು, ಬಣ್ಣ ಹಾಕುವುದು ನಿಧಾನದವು. ಬೇಡಿಕೆ ಬಂದ ಮೇಲೆ ಆರಂಭಿಸಿದರೆ ಆಗಸ್ಟ್ 15 ಕಾಯುವುದಿಲ್ಲ. ಆದ್ದರಿಂದ ಬಟ್ಟೆ ಮೊದಲೇ ಸಿದ್ಧವಿರಬೇಕು. ಅಳತೆ ಮಾತ್ರ ಕೊಳ್ಳುವವರದು. ಮಾನ್ಯವಾದ ಅಳತೆಗಳು ಒಂಬತ್ತು: ಮೇಜಿನ ಮೇಲಿಡುವುದು 150×100 ಮಿಲಿಮೀಟರ್, ಗಣ್ಯರ ಕಾರಿಗೆ 225×150, ಎಲ್ಲಕ್ಕಿಂತ ದೊಡ್ಡದು 6300×4200. ಯಾವ ಅಳತೆ, ಎಷ್ಟು ಎಂದು ತಿಳಿದ ಮೇಲೆಯೇ ಪಟ್ಟಿಗಳನ್ನು ಕತ್ತರಿಸುವುದು, ಬಿಳಿ ಪಟ್ಟಿಯ ಎರಡೂ ಬದಿಗೆ 24 ಅರಗಳ ಚಕ್ರ ಅಚ್ಚೊತ್ತುವುದು, ಮೂರನ್ನೂ ಜೋಡಿಸಿ ಹೊಲಿಯುವುದು, ಹಗ್ಗ ಮತ್ತು ಮರದ ಗುಂಡಿ ಕಟ್ಟುವುದು ಅರ್ಥಪೂರ್ಣ. ತಪ್ಪಾಗಿ ಕತ್ತರಿಸಿದ ಸಣ್ಣ ಪಟ್ಟಿ ದೊಡ್ಡ ಬಾವುಟಕ್ಕೆ ಒದಗದು. ಚಕ್ರದ ಎರಡು ಬದಿಗಳು ಕೂದಲೆಳೆಯಷ್ಟೂ ಸರಿಯಬಾರದೆಂಬ ನಿಷ್ಠೆಯೇ ಈ ಕಸುಬಿನ ನಿಜವಾದ ಹಿರಿಮೆ. ಇದರ ಬಹುಪಾಲು ಹೊಣೆ ಹೊತ್ತವರು ಮಹಿಳೆಯರು.

ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ತಂದ ತಿದ್ದುಪಡಿ ಯಂತ್ರದ ಮತ್ತು ಪಾಲಿಯೆಸ್ಟರ್ ಬಾವುಟಗಳಿಗೂ ಅನುಮತಿ ನೀಡಿತು. ಖಾದಿ ಬಾವುಟದ ಬೇಡಿಕೆ ಇಳಿಯಿತು. ಸರ್ಕಾರಿ ಕಚೇರಿಗಳು, ಶಾಲೆಗಳಾದರೂ ಖಾದಿ ಬಾವುಟವನ್ನೇ ಕೊಳ್ಳಬೇಕು, ಅದೂ ಹಬ್ಬಕ್ಕೆ ತಿಂಗಳುಗಳ ಮುಂಚೆ ತಿಳಿಸಿ.